ಇಕ್ಕಳದ ಹುಳುವಿನ ವಂಶಾವಳಿ

1881ರಲ್ಲಿ ಲಂಡನ್ನಿನ ಕೀಟವಿಜ್ಞಾನ ಸಂಘದ ಸಂಪುಟದಲ್ಲಿ ಸಿಲೋನಿನ ಒಂದು ಹುಳುವಿನ ವರ್ಣನೆ ಅಚ್ಚಾಯಿತು. ರೆಕ್ಕೆಯಿಲ್ಲ. ತೆಳ್ಳಗಿನ ಮೈ, ಚಪ್ಪಟೆ ತಲೆ. ಹಿಂಭಾಗದಿಂದ ಎರಡು ಎಳೆಗಳು ಹೊರಟು ಮೈಯ ಉದ್ದವನ್ನೂ ಮೀರಿ ಚಾಚಿಕೊಂಡಿದ್ದವು. ಒಂದೊಂದು ಎಳೆಯೂ ಸಣ್ಣ ಸಣ್ಣ ಗೆಣ್ಣುಗಳ ಸಾಲು. ವರ್ಣಿಸಿದವನು ಜಾನ್ ಒಬಡಯಾ ವೆಸ್ಟ್‌ವುಡ್, ಆಕ್ಸ್‌ಫರ್ಡಿನಲ್ಲಿ ಕೀಟಗಳಿಗೆಂದೇ ಹುಟ್ಟಿದ ಪ್ರಾಧ್ಯಾಪಕ ಪೀಠದ ಮೊದಲ ಹಕ್ಕುದಾರ. ಗೊತ್ತಿದ್ದ ಯಾವ ಕುಲಕ್ಕೂ ಹುಳು ಹೊಂದಲಿಲ್ಲವಾಗಿ ಅವನು ಹೊಸ ಕುಲವನ್ನೇ ಕಟ್ಟಿದ: ಡಿಸ್ಕ್ರಿಟಿನಾ ಲಾಂಗಿಸೆಟೋಸಾ. ಮೊದಲ ಪದ ಗ್ರೀಕಿನದು, 'ನಿರ್ಣಯಿಸುವುದು ಕಷ್ಟ' ಎಂಬ ಅರ್ಥದ್ದು. ಎಂಬತ್ತರ ಹತ್ತಿರವಿದ್ದ ಪಂಡಿತ ತನ್ನ ಅನುಮಾನವನ್ನು ಹೆಸರಿನಲ್ಲೇ ಬರೆದಿಟ್ಟದ್ದು ಪ್ರಾಮಾಣಿಕತೆಯೇ ಸರಿ.

ತಮಾಷೆಯೆಂದರೆ, ಆ ಹುಳು ಇಯರ್‌ವಿಗ್‌ನ ಮರಿಯಾಗಿತ್ತು. ಇಯರ್‌ವಿಗ್ ಎಂದರೆ ಹೂಕುಂಡದ ಅಡಿಯಲ್ಲಿ, ಒದ್ದೆ ತೊಗಟೆಯ ಸಂದಿನಲ್ಲಿ, ಕೊಳೆತ ಎಲೆಯ ಕೆಳಗೆ ಸಿಗುವ, ಬಾಲದ ತುದಿಯಲ್ಲಿ ಪುಟ್ಟ ಇಕ್ಕಳ ಹೊತ್ತ ಕಂದು ಹುಳು. ಮಲಗಿದವರ ಕಿವಿಯೊಳಗೆ ನುಗ್ಗುತ್ತದೆಂದು ಯುರೋಪಿನವರು ಅದರ ಮೇಲೆ ಹೊರಿಸಿದ ಅಪವಾದಕ್ಕೆ ಆಧಾರವಿಲ್ಲ. ವೆಸ್ಟ್‌ವುಡ್‌ಗೆ ಈ ಹುಳುಗಳು ಅಪರಿಚಿತವೇನಲ್ಲ. ನಲವತ್ತು ವರ್ಷ ಮೊದಲೇ ತನ್ನ ದೊಡ್ಡ ಗ್ರಂಥದಲ್ಲಿ ಇಯರ್‌ವಿಗ್‌ಗಳ ಇಡೀ ಗಣಕ್ಕೆ ಯೂಪ್ಲೆಕ್ಸಾಪ್ಟೆರಾ ಎಂಬ ತನ್ನದೇ ಹೆಸರು ಕೊಟ್ಟಿದ್ದವನು ಅವನು. ದೊಡ್ಡವುಗಳ ಗಣಕ್ಕೇ ನಾಮಕರಣ ಮಾಡಿದವನಿಗೆ ಮನೆಯ ಕೂಸಿನ ಗುರುತು ಸಿಗಲಿಲ್ಲ.

ಆ ಕೂಸು ಸೇರಿದ ಮನೆಗೆ ಇಂದು ಡಿಪ್ಲಾಟಿಯಿಡೇ ಎಂದು ಹೆಸರು. ಇಯರ್‌ವಿಗ್‌ಗಳ ಕುಟುಂಬಗಳಲ್ಲಿ ಅದು ಹಳೆಯ ಲಕ್ಷಣಗಳನ್ನು ಹೆಚ್ಚು ಉಳಿಸಿಕೊಂಡದ್ದು. ಇಕ್ಕಳದ ಹುಳುಗಳಲ್ಲೆಲ್ಲ ಅದರ ನಾಮಕರಣದ ಚರಿತ್ರೆಯೇ ನನಗೆ ಹೆಚ್ಚು ಇಷ್ಟ. ಅದರಲ್ಲಿ ಸೆರೆಮನೆಯಿದೆ, ಸರ್ಕಸ್ಸಿದೆ, ಚಹಾ ತೋಟವಿದೆ. ಹೇಳಲು ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲಿನೇಯಸ್ 1758ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ಹತ್ತನೆಯ ಆವೃತ್ತಿ ಹೊರತಂದಾಗ ಇಯರ್‌ವಿಗ್‌ಗಳಿಗೆ ಒಂದೇ ಕುಲವಿತ್ತು, ಫೋರ್ಫಿಕ್ಯುಲಾ. ಅದರಲ್ಲಿ ಎರಡೇ ಪ್ರಭೇದ. ಅವುಗಳನ್ನು ಅವನು ಕೂರಿಸಿದ್ದು ಜೀರುಂಡೆಗಳ ಗಣದಲ್ಲಿ. ಮೇಲಿನ ರೆಕ್ಕೆ ಗಟ್ಟಿ, ಕೆಳಗಿನದು ಮಡಚಿಕೊಳ್ಳುತ್ತದೆ. ಅವನ ದೃಷ್ಟಿಯಲ್ಲಿ ಜೀರುಂಡೆಯಾಗಲು ಅಷ್ಟು ಸಾಕು. ಅವನದೇ ದೇಶದ ಚಾರ್ಲ್ಸ್ ದೆ ಯೇರ್ 1773ರಲ್ಲಿ ಅವುಗಳನ್ನು ಜೀರುಂಡೆಗಳ ಗುಂಪಿನಿಂದ ಎಬ್ಬಿಸಿ ಜಿರಲೆ, ಮಿಡತೆಗಳ ಜೊತೆಗೆ ಡರ್ಮಾಪ್ಟೆರಾ ಎಂಬ ಹೊಸ ಗಣದಲ್ಲಿಟ್ಟ. ಮುಂದೆ 1815ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಿಲಿಯಂ ಲೀಚ್ ಜಿರಲೆ ಮಿಡತೆಗಳನ್ನು ಹೊರಹಾಕಿ ಆ ಹೆಸರನ್ನು ಇಯರ್‌ವಿಗ್‌ಗಳಿಗಷ್ಟೇ ಉಳಿಸಿದ. ಇಂದಿಗೂ ಗಣದ ಹೆಸರು ಅದೇ. ವೆಸ್ಟ್‌ವುಡ್‌ನ ಯೂಪ್ಲೆಕ್ಸಾಪ್ಟೆರಾ ಹಳೆಯ ಪುಸ್ತಕಗಳಲ್ಲೇ ಉಳಿಯಿತು.

ಗಣ ಸರಿ, ಕುಲ ಸರಿ. ಇವೆರಡರ ನಡುವೆ 'ಕುಟುಂಬ' ಎಂಬ ಮೆಟ್ಟಿಲು ಲಿನೇಯಸ್‌ನ ಏಣಿಯಲ್ಲಿ ಇರಲೇ ಇಲ್ಲ. ಕೀಟಗಳಿಗೆ ಅದನ್ನು ಜೋಡಿಸಿದವನು ಪಿಯೆರ್ ಆಂದ್ರೆ ಲಾತ್ರೇಯ್ ಎಂಬ ಫ್ರೆಂಚ್ ಪಾದ್ರಿ. ಕ್ರಾಂತಿಯ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲಿಲ್ಲವೆಂದು ಅವನನ್ನು ಹಿಡಿದು ಬೋರ್ಡೋದಲ್ಲಿ ಸೆರೆಯಲ್ಲಿಟ್ಟಿದ್ದರು, ಮುಂದಿನದು ಗಡೀಪಾರು. ಅಲ್ಲಿ ನೆಲದ ಮೇಲೆ ಹರಿಯುತ್ತಿದ್ದ ಒಂದು ಅಪರೂಪದ ಜೀರುಂಡೆಯನ್ನು ಅವನು ಕೈದಿಗಳನ್ನು ನೋಡಲು ಬಂದ ವೈದ್ಯನಿಗೆ ತೋರಿಸಿದ. ಅದು ಊರಿನ ಪ್ರಕೃತಿಪ್ರಿಯ ಯುವಕ ಬೋರಿ ದ ಸೇಂಟ್ ವಿನ್ಸೆಂಟ್‌ನ ಕೈ ಸೇರಿ, ಅವನ ವಶೀಲಿಯಿಂದ ಲಾತ್ರೇಯ್ ಬಿಡುಗಡೆಯಾದ. ಸೆರೆಯಲ್ಲಿ ಜೊತೆಗಿದ್ದವರು ಬದುಕಿ ಉಳಿಯಲಿಲ್ಲ. ಜೀವ ಉಳಿಸಿಕೊಂಡ ಲಾತ್ರೇಯ್ 1796ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೀಟಕುಲಗಳನ್ನು ಕುಟುಂಬಗಳಾಗಿ ಗುಂಪು ಮಾಡಿದ. ಮೊದಲು ಅವಕ್ಕೆ ಬರೀ ಸಂಖ್ಯೆ. ಹೆಸರುಗಳು ಆಮೇಲೆ ಬಂದವು. 1810ರಲ್ಲಿ ಇಯರ್‌ವಿಗ್‌ಗಳಿಗೂ ಒಂದು ಕುಟುಂಬವನ್ನು ಕೊಟ್ಟ. ಇಂದು ಅದನ್ನು ಫೋರ್ಫಿಕ್ಯುಲಿಡೇ ಎಂದು ಬರೆದು ಕರ್ತೃವಿನ ಜಾಗದಲ್ಲಿ ಲಾತ್ರೇಯ್‌ನ ಹೆಸರಿಡುತ್ತಾರೆ. ಪ್ರಾಣಿ ಕುಟುಂಬಗಳ ಹೆಸರು 'ಇಡೇ' ಎಂದು ಮುಗಿಯಬೇಕೆಂಬ ಶಿಸ್ತು ಗಟ್ಟಿಯಾದದ್ದು 1842ರಲ್ಲಿ, ಇಂಗ್ಲೆಂಡಿನ ಸ್ಟ್ರಿಕ್‌ಲ್ಯಾಂಡ್ ಮತ್ತು ಸಂಗಡಿಗರು ನಿಯಮಾವಳಿ ಬರೆದಾಗ.

ಆಗ ಜಗತ್ತಿನ ಇಯರ್‌ವಿಗ್‌ಗಳಿಗೆಲ್ಲ ಅದೊಂದೇ ಮನೆ. ಯುರೋಪಿನ ನಾಲ್ಕಾರು ಹುಳುಗಳಿಗೆ ಸಾಲುತ್ತಿತ್ತು. ಆದರೆ ಹಡಗುಗಳು ಆಫ್ರಿಕಾದಿಂದ, ಏಷ್ಯಾದಿಂದ ಪೆಟ್ಟಿಗೆಗಟ್ಟಲೆ ಕೀಟ ತರುತ್ತಿದ್ದವು.

ಅಂಥ ಪೆಟ್ಟಿಗೆಗಳ ಒಡೆಯರಲ್ಲಿ ಒಬ್ಬ ಪಾಲಿಸೋ ದ ಬೋವ್ವಾ. ಫ್ರೆಂಚ್ ಶ್ರೀಮಂತ. 1786ರಲ್ಲಿ ಕ್ಯಾಪ್ಟನ್ ಲಾಂದೊಲ್ಫ್‌ನ ಹಡಗಿನಲ್ಲಿ ಪಶ್ಚಿಮ ಆಫ್ರಿಕಾದ ಓವಾರೆ ಮತ್ತು ಬೆನಿನ್‌ಗೆ, ಎಂದರೆ ಇಂದಿನ ನೈಜೀರಿಯಾದ ಕರಾವಳಿಗೆ ಹೋದ. ಆ ಕರಾವಳಿಯ ದೊಡ್ಡ ವ್ಯಾಪಾರ ಮನುಷ್ಯರದ್ದೇ ಆಗಿತ್ತು. ಗಿಡ, ಹುಳುಗಳನ್ನು ಕೂಡಿಹಾಕುತ್ತ ಕಾಯಿಲೆ ಬಿದ್ದ ಪಾಲಿಸೋ ಅಲ್ಲಿಂದ ಕೆರಿಬಿಯನ್ನಿನ ಸೆಂ ದೊಮಿಂಗ್ ವಸಾಹತಿಗೆ ಹೋದ. ಇಂದಿನ ಹೈಟಿ ಅದು. ಅಲ್ಲಿ ಗುಲಾಮಗಿರಿ ನಿಲ್ಲಬೇಕೆಂದವರನ್ನು ಎದುರಿಸಿ ನಿಂತ. ಗುಲಾಮರು ದಂಗೆಯೆದ್ದಾಗ ಅವನ ಸಂಗ್ರಹ ಬೆಂಕಿಗೆ ಹೋಯಿತು. ಆಫ್ರಿಕಾದಲ್ಲಿ ಬಿಟ್ಟುಬಂದದ್ದೂ ಬ್ರಿಟಿಷರ ದಾಳಿಯಲ್ಲಿ ನಾಶವಾಯಿತು. ಉಟ್ಟ ಬಟ್ಟೆಯಲ್ಲಿ ಫಿಲಡೆಲ್ಫಿಯಾ ತಲುಪಿದವನು ಹೊಟ್ಟೆಪಾಡಿಗೆ ಸರ್ಕಸ್ಸಿನಲ್ಲಿ ವಾದ್ಯ ನುಡಿಸಿದ. ಅವನ ಬಗ್ಗೆ ಕನಿಕರ ಹುಟ್ಟುವುದು ಕಷ್ಟ, ಆದರೆ ಛಲ ಇದ್ದದ್ದು ನಿಜ. 1798ರಲ್ಲಿ ಫ್ರಾನ್ಸಿಗೆ ಮರಳಿ, ಅಳಿದುಳಿದದ್ದನ್ನು ಸೇರಿಸಿ, 1805ರಿಂದ ಆಫ್ರಿಕಾ ಮತ್ತು ಅಮೆರಿಕದ ತನ್ನ ಕೀಟಗಳ ಗ್ರಂಥವನ್ನು ಕಂತುಗಳಲ್ಲಿ ಹೊರತಂದ. ಅದರಲ್ಲಿ ದೊಡ್ಡ ತಲೆಯ ಒಂದು ಆಫ್ರಿಕನ್ ಇಯರ್‌ವಿಗ್ ಇತ್ತು: ಫೋರ್ಫಿಕ್ಯುಲಾ ಮ್ಯಾಕ್ರೊಸೆಫಲಾ.

ಈ ಹುಳು ಯುರೋಪಿನ ಫೋರ್ಫಿಕ್ಯುಲಾಗಳ ಜೊತೆ ಕೂರುವಂಥದ್ದಲ್ಲ ಎಂದು ಕಂಡವನು ಪ್ಯಾರಿಸ್ಸಿನ ಓದಿನೆ ಸೆರ್ವಿಲ್. 1831ರಲ್ಲಿ ಮಿಡತೆ ಮತ್ತು ಅವುಗಳ ನೆಂಟರ ಕುಲಗಳನ್ನು ಪರಿಷ್ಕರಿಸುತ್ತ ಅವನು ಮ್ಯಾಕ್ರೊಸೆಫಲಾಗೆ ಪ್ರತ್ಯೇಕ ಕುಲ ಮಾಡಿ ಡಿಪ್ಲಾಟಿಸ್ ಎಂದು ಕರೆದ. ಕುಟುಂಬದ ಬೀಜ ಬಿದ್ದದ್ದು ಇಲ್ಲೇ. ಪ್ರಾಣಿಶಾಸ್ತ್ರದ ಕಾನೂನಿನಲ್ಲಿ ಕುಟುಂಬಕ್ಕೆ ತನ್ನದೇ ಸ್ವತಂತ್ರ ಹೆಸರಿಲ್ಲ. ಒಂದು ಕುಲವನ್ನು ಆಧಾರವಾಗಿ ಹಿಡಿದು ಅದರ ಹೆಸರಿಗೆ 'ಇಡೇ' ಹಚ್ಚಬೇಕು. ಆ ಕುಲವೂ ಒಂದು ಪ್ರಭೇದವನ್ನು ಆಧಾರವಾಗಿ ಹಿಡಿದಿರಬೇಕು. ಹೀಗಾಗಿ ಭಾರತದಲ್ಲೂ ಆಗ್ನೇಯ ಏಷ್ಯಾದಲ್ಲೂ ಹೇರಳವಾಗಿರುವ ಈ ಕುಟುಂಬದ ಹೆಸರು ಕೊನೆಗೆ ಹೋಗಿ ನಿಲ್ಲುವುದು ನೈಜೀರಿಯಾದ ಕರಾವಳಿಯಲ್ಲಿ ಸಿಕ್ಕ ಆ ದೊಡ್ಡ ತಲೆಯ ಹುಳುವಿನ ಮೇಲೆ.

ಮುಂದಿನ ಮೂವತ್ತು ವರ್ಷ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. 1863ರಿಂದ 1867ರವರೆಗೆ ಸ್ಟೆಟಿನ್ ಪಟ್ಟಣದ ಹೈನ್ರಿಷ್ ಡೋರ್ನ್ ಡರ್ಮಾಪ್ಟೆರಾಗಳ ಮೇಲೆ ಮೊದಲ ದೊಡ್ಡ ಪ್ರಬಂಧವನ್ನು ಕಂತುಕಂತಾಗಿ ಪ್ರಕಟಿಸಿದ. ನೇಪಲ್ಸಿನ ಹೆಸರಾಂತ ಸಮುದ್ರಜೀವಿ ಕೇಂದ್ರವನ್ನು ಕಟ್ಟಿದ ಆಂಟನ್ ಡೋರ್ನ್‌ನ ಅಣ್ಣ ಇವನು. ಡಿಪ್ಲಾಟಿಸ್‌ಗೆ ಡೋರ್ನ್ ಹೊಸ ಪ್ರಭೇದಗಳನ್ನು ಸೇರಿಸಿದ. ಅವನ ಮುಂದಿದ್ದವೆಲ್ಲ ಇಕ್ಕಳ ಹೊತ್ತ ದೊಡ್ಡ ಹುಳುಗಳು. ಸಂಗ್ರಾಹಕರು ತರುತ್ತಿದ್ದದ್ದೂ ಅವನ್ನೇ. ಮರಿ ಹೇಗಿರುತ್ತದೆಂದು ಯಾರೂ ಕೇಳಲಿಲ್ಲ. ಇಯರ್‌ವಿಗ್‌ನ ಮರಿ ಸಾಮಾನ್ಯವಾಗಿ ರೆಕ್ಕೆಯಿಲ್ಲದ ಚಿಕ್ಕ ಇಯರ್‌ವಿಗ್, ಪುಟ್ಟ ಇಕ್ಕಳದ ಸಮೇತ. ಡಿಪ್ಲಾಟಿಸ್‌ನದೂ ಹಾಗೇ ಇರುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ವೆಸ್ಟ್‌ವುಡ್ ಎಡವಿದ್ದು ಈ ಅಂದಾಜಿನ ಮೇಲೆ.

ಗಂಟು ಬಿಚ್ಚಿದವನು ಪ್ರಾಧ್ಯಾಪಕನಲ್ಲ, ಸಿಲೋನಿನ ಬೆಟ್ಟಗಳ ಚಹಾ ತೋಟಗಾರ. ಅರ್ನೆಸ್ಟ್ ಎಡ್ವರ್ಡ್ ಗ್ರೀನ್ ಹುಟ್ಟಿದ್ದು ಅಲ್ಲಿಯೇ, 1861ರಲ್ಲಿ. ಪುಂಡಲುಓಯದ ತೋಟದಲ್ಲಿದ್ದುಕೊಂಡು ಗಿಡಗಳ ರಸ ಹೀರುವ ಶಲ್ಕಕೀಟಗಳನ್ನು ಪಟ್ಟು ಹಿಡಿದು ಅಭ್ಯಾಸ ಮಾಡಿದವನು. ಮುಂದೆ ಸಿಲೋನ್ ಸರ್ಕಾರದ ಕೀಟವಿಜ್ಞಾನಿಯೂ ಆದ. ಡಿಸ್ಕ್ರಿಟಿನಾ ಅವನ ಕಣ್ಣಿಗೆ ಜೀವಂತವಾಗಿ ಬೀಳುತ್ತಿತ್ತು. ಆಕ್ಸ್‌ಫರ್ಡಿನ ವಿದ್ವಾಂಸನಿಗೆ ಇಲ್ಲದ ಅನುಕೂಲ ಇದು: ಸತ್ತು ಒಣಗಿದ ಹುಳು ಬೆಳೆಯುವುದಿಲ್ಲ, ಬದುಕಿರುವುದು ಬೆಳೆಯುತ್ತದೆ. ಗ್ರೀನ್ ಅವುಗಳನ್ನು ಹಿಡಿದು ಸಾಕಿದ. ಹುಳು ಪೊರೆ ಕಳಚುತ್ತ ದೊಡ್ಡದಾಯಿತು, ರೆಕ್ಕೆಯ ಮೊಗ್ಗು ಮೂಡಿತು. ಕೊನೆಯ ಪೊರೆಗೆ ಮೊದಲು ಆ ಉದ್ದನೆಯ ಬಾಲದ ಎಳೆಗಳು ಬುಡದ ಒಂದೊಂದು ಗೆಣ್ಣನ್ನು ಉಳಿಸಿ ಇಲ್ಲವಾದವು. ಉಳಿದ ಆ ಗೆಣ್ಣಿನೊಳಗೇ ಇಕ್ಕಳದ ಒಂದೊಂದು ತೋಳು ರೂಪುಗೊಂಡಿತ್ತು. ಪೊರೆ ಬಿಟ್ಟು ಹೊರಬಂದದ್ದು ರೆಕ್ಕೆ, ಇಕ್ಕಳ ಎಲ್ಲ ಇದ್ದ ಡಿಪ್ಲಾಟಿಸ್.

ಈ ವರದಿ 1898ರಲ್ಲಿ ಪ್ರಕಟವಾಯಿತು, ವೆಸ್ಟ್‌ವುಡ್ ಬರೆದಿದ್ದ ಅದೇ ಸಂಘದ ಸಂಪುಟದಲ್ಲಿ. ವೆಸ್ಟ್‌ವುಡ್ ತೀರಿಕೊಂಡು ಐದು ವರ್ಷವಾಗಿತ್ತು. ಡಿಸ್ಕ್ರಿಟಿನಾ ಎಂಬ ಕುಲ ಒಂದೇ ಏಟಿಗೆ ಮುಗಿದುಹೋಯಿತು: 1881ರ ಹೆಸರು 1831ರ ಹೆಸರಿನ ಮುಂದೆ ನಿಲ್ಲುವಂತಿಲ್ಲ, ಮೊದಲು ಇಟ್ಟದ್ದೇ ಊರ್ಜಿತ. ಆದರೆ ಹೆಸರು ಹೋದದ್ದಕ್ಕಿಂತ ಸಿಕ್ಕ ತಿಳಿವಳಿಕೆ ದೊಡ್ಡದು. ಇಯರ್‌ವಿಗ್‌ನ ಇಕ್ಕಳ ಬೇರೇನೂ ಅಲ್ಲ, ಜಿರಲೆಯಲ್ಲೂ ಬೆಳ್ಳಿಮೀನು ಹುಳುವಿನಲ್ಲೂ ಹಿಂದೆ ಕಾಣುವ ಅದೇ ಗೆಣ್ಣುಗೆಣ್ಣಿನ ಬಾಲದ ಎಳೆ ಬದಲಾದ ರೂಪ ಎಂಬುದು ಹುಳುವೊಂದರ ಬೆಳವಣಿಗೆಯಲ್ಲೇ ಕಾಣಿಸಿತ್ತು.

ಗ್ರೀನ್‌ನ ಲೇಖನಕ್ಕೆ ಒಂದು ಅನುಬಂಧವಿತ್ತು. ಸಾಕಿ ಬೆಳೆಸಿದ ಹುಳುಗಳು ಯಾವ ಪ್ರಭೇದದವೆಂದು ಅದರಲ್ಲಿ ವಿಚಾರಿಸಿದವನು ಮಾಲ್ಕಮ್ ಬರ್. ಆಗವನಿಗೆ ವಯಸ್ಸು ಇಪ್ಪತ್ತು. ಮುಂದಿನ ಎರಡು ದಶಕ ಇಯರ್‌ವಿಗ್ ಎಂದರೆ ಬರ್ ಎಂಬಂತಾಯಿತು. ಹಲವು ಭಾಷೆ ಬಲ್ಲವನು, ತಿರುಗಾಡಿ. ಅಂಗೋಲಾದಲ್ಲಿ ತಿರುಗಿದ ಅನುಭವ ಬರೆದ, ರಷ್ಯನ್ ಕಲಿತು ಆರ್ಸೆನ್ಯೇವನ ದೆರ್ಸು ಉಜಾಲಾ ಕಥೆಯನ್ನು ಇಂಗ್ಲಿಷಿಗೆ ತಂದ. ಅಕಿರಾ ಕುರೊಸಾವಾನ ಸಿನಿಮಾ ನೋಡಿ ದೆರ್ಸುವನ್ನು ಮೆಚ್ಚಿದ ನಮ್ಮವರು ಬಹಳ. ಅವನನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದವನು ಇಯರ್‌ವಿಗ್ ಪಂಡಿತ ಎಂಬುದು ಎಷ್ಟು ಜನಕ್ಕೆ ಗೊತ್ತೋ.

ಇಷ್ಟಾದರೂ ಡಿಪ್ಲಾಟಿಸ್ ಬರೀ ಕುಲವಾಗಿತ್ತು, ಕುಟುಂಬವಾಗಿರಲಿಲ್ಲ. ಅದನ್ನು ಮಾಡಿದವನಿಗೆ ಇಯರ್‌ವಿಗ್‌ಗಳು ಪಕ್ಕದ ದಾರಿ. ಕಾರ್ಲ್ ವಿಲ್ಹೆಲ್ಮ್ ವೆರ್ಹೋಫ್ ಎಂಬ ಜರ್ಮನ್ ವಿಜ್ಞಾನಿ ಆಯುಷ್ಯದ ಬಹುಭಾಗ ಕಳೆದದ್ದು ಸಹಸ್ರಪದಿ, ಶತಪದಿಗಳ ಜೊತೆ. 1902ರ ಆಸುಪಾಸಿನಲ್ಲಿ ಅವನು ಇಯರ್‌ವಿಗ್‌ಗಳತ್ತ ತಿರುಗಿ, ಅವುಗಳಿಗೆ 'ಹೊಸದಾದ, ಇನ್ನಷ್ಟು ಸಹಜವಾದ' ವರ್ಗೀಕರಣದ ಪ್ರಯತ್ನ ಎಂಬ ಅರ್ಥದ ಶೀರ್ಷಿಕೆಯಿಟ್ಟು ಪ್ರಬಂಧ ಪ್ರಕಟಿಸಿದ. ಹಿಂದಿನವರು ಇಕ್ಕಳದ ಆಕಾರ, ಮೀಸೆಯ ಗೆಣ್ಣು, ರೆಕ್ಕೆಯ ಉದ್ದ ನೋಡಿ ವಿಂಗಡಿಸುತ್ತಿದ್ದರು. ಇಕ್ಕಳ ನಂಬಿಕೆಗೆ ಅರ್ಹವಲ್ಲ. ಒಂದೇ ಪ್ರಭೇದದ ಗಂಡುಗಳಲ್ಲೇ ಅದರ ಉದ್ದ, ವಕ್ರ ಬೇರೆಬೇರೆ. ವೆರ್ಹೋಫ್ ಹುಳುವಿನ ಒಳಗೆ ನೋಡಿದ. ಕೆಲವು ಇಯರ್‌ವಿಗ್ ಗಂಡುಗಳಿಗೆ ಜನನಾಂಗ ಒಂದಲ್ಲ, ಎರಡು. ಇನ್ನು ಕೆಲವಕ್ಕೆ ಒಂದೇ. ಎರಡಿರುವುದು ಹಳೆಯ ಸ್ಥಿತಿ, ಒಂದು ಅಳಿದು ಒಂದು ಉಳಿದದ್ದು ಆಮೇಲಿನದು ಎಂಬ ಲೆಕ್ಕದಲ್ಲಿ ಇಡೀ ಗಣ ಹೊಸ ರೀತಿಯಲ್ಲಿ ಕೂತುಕೊಂಡಿತು. ಇಂದು ಬಳಕೆಯಲ್ಲಿರುವ ಇಯರ್‌ವಿಗ್ ಕುಟುಂಬಗಳ ಪಟ್ಟಿ ತೆಗೆದರೆ ಹೆಚ್ಚಿನವುಗಳ ಮುಂದೆ 'ವೆರ್ಹೋಫ್, 1902' ಎಂದಿರುತ್ತದೆ. ಡಿಪ್ಲಾಟಿಯಿಡೇಯೂ ಅವುಗಳಲ್ಲೊಂದು.

ಬರ್ 1910ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಸರಣಿಗೆ ಡರ್ಮಾಪ್ಟೆರಾ ಸಂಪುಟ ಬರೆದ. ಭಾರತ, ಬರ್ಮಾ, ಸಿಲೋನುಗಳ ಇಯರ್‌ವಿಗ್‌ಗಳೆಲ್ಲ ಒಂದೆಡೆ ಸಿಕ್ಕ ಮೊದಲ ಪುಸ್ತಕ. ನಮ್ಮ ಘಟ್ಟಗಳ ಇಯರ್‌ವಿಗ್ ಗುರುತಿಸಹೊರಟವರು ಇಂದೂ ಅದನ್ನು ದಾಟಿ ಹೋಗಲಾಗುವುದಿಲ್ಲ. ಅದರಲ್ಲಿ ಡಿಪ್ಲಾಟಿಸ್ ಬಳಗ ಪಿಜಿಡಿಕ್ರಾನಿಡೇ ಎಂಬ ದೊಡ್ಡ ಕುಟುಂಬದ ಒಂದು ಉಪಕುಟುಂಬ. ಮುಂದೆ ಹಲವು ದಶಕ ಅದು ಹಾಗೆಯೇ ಇತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವತಂತ್ರ ಕುಟುಂಬವಾಗಿ ಮತ್ತೆ ತಲೆಯೆತ್ತಿತು. ಹಾಗಾದರೆ ಕರ್ತೃವಿನ ಜಾಗದಲ್ಲಿ ವೆರ್ಹೋಫ್ ಯಾಕೆ, ಮೇಲೆತ್ತಿದವರ ಹೆಸರು ಯಾಕಿಲ್ಲ? ಉಪಕುಟುಂಬ, ಕುಟುಂಬ, ಮೇಲ್ಕುಟುಂಬ ಇವಿಷ್ಟರಲ್ಲಿ ಯಾವ ಮಟ್ಟದಲ್ಲಿ ಒಮ್ಮೆ ಹೆಸರಿಟ್ಟರೂ ಎಲ್ಲ ಮಟ್ಟದಲ್ಲೂ ಇಟ್ಟಂತೆಯೇ ಎಂಬುದು ನಿಯಮ. ಮೆಟ್ಟಿಲು ಏರಿದರೂ ಇಳಿದರೂ ಬಾಲದ ಅಕ್ಷರ ಬದಲಾಗುತ್ತದೆ, ಯಜಮಾನನೂ ವರ್ಷವೂ ಬದಲಾಗುವುದಿಲ್ಲ.

ಗ್ರೀನ್‌ನ ಮರಿ ಮತ್ತೆ ನೆನಪಾದದ್ದು ಸೋವಿಯತ್ ರಷ್ಯಾದಲ್ಲಿ. ಇಂದಿನ ಕಜಾಕಸ್ತಾನದ ಕರತಾವ್ ಬೆಟ್ಟಗಳಲ್ಲಿ ಜುರಾಸಿಕ್ ಯುಗದ ಸರೋವರವೊಂದರ ಕೆಸರು ಕಲ್ಲಿನ ಹಾಳೆಗಳಾಗಿ ಉಳಿದಿದೆ. ಕೀಟಗಳ ಪಳೆಯುಳಿಕೆಗೆ ಅದು ಜಗತ್ತಿಗೇ ಪ್ರಸಿದ್ಧ. ಅಲ್ಲಿ ಸಿಕ್ಕ ಒಂದು ಕೀಟವನ್ನು 1925ರಲ್ಲಿ ಆಂದ್ರೇ ಮಾರ್ತಿನೋವ್ ವರ್ಣಿಸಿದ. ಮೇಲ್ರೆಕ್ಕೆ ನೋಡಿದರೆ ಇಯರ್‌ವಿಗ್. ಆದರೆ ಬೆಳೆದ ಹುಳುವಾಗಿದ್ದೂ ಬಾಲದಲ್ಲಿ ಇಕ್ಕಳವಿಲ್ಲ, ಗೆಣ್ಣುಗಳ ಉದ್ದ ಎಳೆಗಳಿವೆ. ಡಿಪ್ಲಾಟಿಸ್ ಮರಿಯಾಗಿದ್ದಾಗ ತೋರುವ ರೂಪವನ್ನು ಈ ಪ್ರಾಚೀನ ಹುಳು ಬೆಳೆದ ಮೇಲೂ ಇಟ್ಟುಕೊಂಡಿತ್ತು. ಮಾರ್ತಿನೋವ್ ಅದಕ್ಕೆ ಪ್ರೋಟೊಡಿಪ್ಲಾಟಿಸ್ ಎಂದೇ ಹೆಸರಿಟ್ಟ. ಸಿಲೋನಿನಲ್ಲಿ ಮರಿ ಸಾಕಿದ ಗ್ರೀನ್ ಇಲ್ಲದಿದ್ದರೆ ಕರತಾವ್‌ನ ಕಲ್ಲು ಏನು ಹೇಳುತ್ತಿದೆಯೆಂದು ಇಷ್ಟು ಸಲೀಸಾಗಿ ತಿಳಿಯುತ್ತಿತ್ತೇ ಎಂಬ ಸಂಶಯ ನನ್ನದು.

ಬರ್ 1954ರಲ್ಲಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡ. ಮರುವರ್ಷವೇ ಮ್ಯಾಂಚೆಸ್ಟರ್ ಮ್ಯೂಸಿಯಮ್ಮಿನ ವಾಲ್ಟರ್ ಹಿಂಕ್ಸ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಆಧರಿಸಿ ಜಗತ್ತಿನ ಇಯರ್‌ವಿಗ್‌ಗಳ ಮಹಾಪ್ರಬಂಧ ಆರಂಭಿಸಿದ. ಅದರ ಮೊದಲ ಭಾಗ ಪೂರ್ತಿ ಡಿಪ್ಲಾಟಿಸ್ ಬಳಗಕ್ಕೇ ಮೀಸಲು. ಗಂಡಿನ ಜನನಾಂಗವನ್ನು ಬಿಡಿಸಿ, ಗಾಜಿನ ಮೇಲಿಟ್ಟು, ಒಂದೊಂದನ್ನೂ ಚಿತ್ರಿಸಿ ಹಿಂಕ್ಸ್ ಈ ಹುಳುಗಳನ್ನು ಮತ್ತೆ ವಿಂಗಡಿಸಿದ. ಸರಳ ರಚನೆಯವಕ್ಕೆ ಹ್ಯಾಪ್ಲೊಡಿಪ್ಲಾಟಿಸ್ ಎಂಬ ಹೊಸ ಕುಲ ಮಾಡಿದ. 1959ರಲ್ಲಿ ಎರಡನೆಯ ಭಾಗ ಬಂತು. ಮೂರನೆಯದಕ್ಕೆ ಅವನು ಉಳಿಯಲಿಲ್ಲ, 1961ರಲ್ಲಿ ತೀರಿಕೊಂಡ. ನಮ್ಮಲ್ಲಿ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಜಿ.ಕೆ. ಶ್ರೀವಾಸ್ತವ ಅವರು ಬರ್‌ನ ಪುಸ್ತಕವನ್ನು ಹೊಸದಾಗಿ ಬರೆಯುವ ಕೆಲಸ ಕೈಗೆತ್ತಿಕೊಂಡರು. 1988ರಲ್ಲಿ ಬಂದ ಅವರ ಮೊದಲ ಸಂಪುಟ ಡಿಪ್ಲಾಟಿಯಿಡೇಯನ್ನೂ ಒಳಗೊಂಡ ಮೇಲ್ಕುಟುಂಬದ ಬಗ್ಗೆಯೇ ಇದೆ.

ಈ ಶತಮಾನದಲ್ಲಿ ಹೊಸ ಸುದ್ದಿ ಬಂದದ್ದು ಮ್ಯಾನ್ಮಾರಿನಿಂದ. ಅಲ್ಲಿನ ಕಾಚಿನ್ ಪ್ರದೇಶದ ಅಂಬರ್, ಎಂದರೆ ಸುಮಾರು 9.9 ಕೋಟಿ ವರ್ಷ ಹಿಂದಿನ ಮರದ ಅಂಟು ಗಟ್ಟಿಯಾದದ್ದು, ತನ್ನೊಳಗೆ ಕೀಟಗಳನ್ನು ಕೂದಲೆಳೆಯ ಸಮೇತ ಕಾಪಾಡಿದೆ. 2011ರಲ್ಲಿ ಅಮೆರಿಕದ ಮೈಕೇಲ್ ಎಂಗೆಲ್ ಅದರಲ್ಲಿ ಡಿಪ್ಲಾಟಿಯಿಡೇ ಕುಟುಂಬದ ಎಳೆಯ ಮರಿಯೊಂದನ್ನು ಕಂಡು ಟೈಟ್ತೊಡಿಪ್ಲಾಟಿಸ್ ಮೆಸಿನೊಸೆರ್ಕಸ್ ಎಂದು ಹೆಸರಿಟ್ಟರು. ಉದ್ದ ಎಳೆಗಳ ಮರಿಯೊಂದೇ ಕೈಯಲ್ಲಿಟ್ಟುಕೊಂಡು ಹೊಸ ಕುಲ ಕಟ್ಟಿದ್ದು ಈ ಕುಟುಂಬದ ಚರಿತ್ರೆಯಲ್ಲಿ ಎರಡನೆಯ ಸಲ. ವ್ಯತ್ಯಾಸ ಇಷ್ಟು: ಅದು ಮರಿಯೆಂದೂ ಯಾರ ಮರಿಯೆಂದೂ ಈ ಸಲ ಗೊತ್ತಿತ್ತು.

2017ರಲ್ಲಿ ಮ್ಯಾನ್ಮಾರಿನ ಇನ್ನೊಂದು ಅಂಬರ್ ಇಯರ್‌ವಿಗ್ ಬಗ್ಗೆ ಬರೆಯುತ್ತ ಎಂಗೆಲ್ ಮತ್ತು ಸಹಲೇಖಕರು ಡಿಪ್ಲಾಟಿಯಿಡೇಯನ್ನೇ ಒಡೆದರು. ಹಿಂಕ್ಸ್‌ನ ಹ್ಯಾಪ್ಲೊಡಿಪ್ಲಾಟಿಸ್ ಬೇರೆ ಮನೆ ಮಾಡಿತು: ಹ್ಯಾಪ್ಲೊಡಿಪ್ಲಾಟಿಯಿಡೇ ಎಂಬ ಹೊಸ ಕುಟುಂಬ. ಭಾರತದ ಪಟ್ಟಿಗಳಲ್ಲಿ ಡಿಪ್ಲಾಟಿಯಿಡೇ ಎಂದು ಬರೆದಿಟ್ಟಿದ್ದ ಕೆಲವು ಹುಳುಗಳು ಹೀಗೆ ಕೂತಲ್ಲೇ ಕುಟುಂಬ ಬದಲಿಸಿದವು. ಎರಡು ಮನೆಯನ್ನು ಬೇರ್ಪಡಿಸುವ ಗೋಡೆ ಮಾತ್ರ ಹಿಂಕ್ಸ್ ಗಾಜಿನ ಮೇಲೆ ನೋಡಿದ ಅದೇ ಸೂಕ್ಷ್ಮ ಅಂಗವನ್ನು ಬಹುಪಾಲು ನೆಚ್ಚಿಕೊಂಡಿದೆ. ಹಾಗಾಗಿ ಆಗುಂಬೆಯಲ್ಲೋ ಕೊಡಗಿನಲ್ಲೋ ತರಗೆಲೆ ಕೆದಕಿ ಉದ್ದ ಬಾಲದ ಮರಿಯೊಂದನ್ನು ಹಿಡಿದವರಿಗೆ ಪುಸ್ತಕದ ಕೀಲಿಗಳು ಪ್ರಭೇದದವರೆಗೆ ದಾರಿ ತೋರಿಸುವುದಿಲ್ಲ. ಅದನ್ನು ಡಬ್ಬಿಯಲ್ಲಿ ಸಾಕಿ, ಕೊನೆಯ ಪೊರೆ ಕಳಚುವವರೆಗೆ ಕಾದು, ಗಂಡಾದರೆ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಹೆಣ್ಣಾದರೆ ಇನ್ನೊಂದು ಮರಿ ಹುಡುಕಬೇಕು.